ಕಾಳಿ ನದಿ, ಕೈಗಾ ಮತ್ತು ಒಂದು ಪುಟಾಣಿ ಎಲೆಕ್ಟ್ರಾನ್

ನಮ್ಮ ಕಾಳಿ ನದಿ ಜೋಯಿಡಾದ ಡಿಗ್ಗಿ ಕಡೆ ಹುಟ್ಟಿ, ಸೂಪಾ ಅಣೆಕಟ್ಟಿನಲ್ಲಿ ತಂಗಿ, ದಾಂಡೇಲಿಯ ಕಾಗದ ಕಾರ್ಖಾನೆ ದಾಟಿ, ಹಳಿಯಾಳ ಕಡೆಯ ತಟ್ಟಿಹಳ್ಳದ ನೀರನ್ನೂ ಸೇರಿಸಿಕೊಂಡು ಹೋಗುತ್ತೆ. ರಾಫ್ಟಿಂಗಿಗೆ ಬಂದೋರು ದಾಂಡೇಲಿಯಿಂದಲೇ ವಾಪಸ್ ಹೋಗ್ತಾರೆ. ನದಿ ಮಾತ್ರ ಕೊಡಸಳ್ಳಿ ದಾಟಿ ಕದ್ರಾ ಜಲಾಶಯಕ್ಕೆ ಬರುತ್ತೆ. ಆ ಜಲಾಶಯದ ದಂಡೆಯ ಮೇಲೇ ಕೈಗಾ ಅಣುವಿದ್ಯುತ್ ಸ್ಥಾವರ ಇರೋದು. ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು. ಮೊದಲ ಸರಪಳಿ ಕ್ರಿಯೆ ಶುರುವಾಗಿದ್ದು 1999ರ ಸೆಪ್ಟೆಂಬರಿನಲ್ಲಿ.

ಅದಕ್ಕೆ ಹತ್ತು ವರ್ಷ ಮೊದಲೇ, 1989ರಲ್ಲಿ, ಈ ಯೋಜನೆಯನ್ನು ವಿರೋಧಿಸಿ ಶಿವರಾಮ ಕಾರಂತರು ಇಲ್ಲಿಂದ ಲೋಕಸಭೆಗೆ ನಿಂತರು. ಆಗ ಅವರಿಗೆ 87 ವರ್ಷ! ಸೋತರು. ಆದರೆ ಮಕ್ಕಳಿಗೆ 'ಬಾಲ ಪ್ರಪಂಚ', ದೊಡ್ಡವರಿಗೆ 'ವಿಜ್ಞಾನ ಪ್ರಪಂಚ' ಬರೆದುಕೊಟ್ಟ ಮನುಷ್ಯನನ್ನು, ವಿಜ್ಞಾನ ಗೊತ್ತಿಲ್ಲದೆ ಹೆದರಿದ ಮುದುಕ ಅಂತ ತಳ್ಳಿಹಾಕೋದು ಕಷ್ಟ. 1994ರ ಮೇ 13ರಂದು ಒಂದನೇ ಘಟಕದ ಕಾಂಕ್ರೀಟ್ ಗುಮ್ಮಟದ ಒಳಪದರ ಕಳಚಿ ಬಿತ್ತು. ಪುಣ್ಯಕ್ಕೆ ಇಂಧನ ಇನ್ನೂ ತುಂಬಿರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು 2009ರ ನವೆಂಬರಿನ ಘಟನೆ. ಅದನ್ನು ಅರ್ಥ ಮಾಡಿಕೊಳ್ಳೋಕೆ ಹೈಸ್ಕೂಲಿನ ಪರಮಾಣು ಪಾಠ ಸ್ವಲ್ಪ ಬೇಕು.

ಪರಮಾಣುವಿನ ನಡುವೆ ಪ್ರೋಟಾನ್, ನ್ಯೂಟ್ರಾನ್, ಹೊರಗೆ ಎಲೆಕ್ಟ್ರಾನ್. ಸೋಡಿಯಂನಲ್ಲಿ 11 ಪ್ರೋಟಾನ್, 11 ಎಲೆಕ್ಟ್ರಾನ್. ಒಂದು ಎಲೆಕ್ಟ್ರಾನ್ ಕಳಕೊಂಡರೆ ಅದು ಧನ ಅಯಾನು. ನಾವು ತಿನ್ನೋ ಉಪ್ಪಿನಲ್ಲಿ ಇರೋದು ಅದೇ, ಅದರಿಂದ ಯಾರಿಗೂ ತೊಂದರೆ ಇಲ್ಲ. ಇಲ್ಲಿ ಬದಲಾಗಿದ್ದು ಹೊರಗಿನ ಎಲೆಕ್ಟ್ರಾನ್ ಲೆಕ್ಕ ಅಷ್ಟೇ, ನಡುವಿನ ಬೀಜಕೇಂದ್ರ ಇದ್ದ ಹಾಗೇ ಇದೆ.

ಕೈಗಾದಲ್ಲಿ ಬದಲಾಗೋದು ಬೀಜಕೇಂದ್ರವೇ. ಅಲ್ಲಿ ನ್ಯೂಟ್ರಾನುಗಳ ವೇಗ ತಗ್ಗಿಸೋಕೆ ಭಾರಜಲ ಬಳಸ್ತಾರೆ. ಅದರ ಹೈಡ್ರೋಜನ್ನಿನಲ್ಲಿ ಒಂದು ಪ್ರೋಟಾನ್ ಜೊತೆಗೆ ಒಂದು ನ್ಯೂಟ್ರಾನ್ ಇರುತ್ತೆ. ಇನ್ನೊಂದು ನ್ಯೂಟ್ರಾನ್ ಒಳಗೆ ನುಗ್ಗಿದರೆ ಅದೇ ಟ್ರಿಷಿಯಂ. ಪ್ರೋಟಾನ್ ಒಂದೇ, ಎಲೆಕ್ಟ್ರಾನ್ ಒಂದೇ. ಹಾಗಾಗಿ ನಮ್ಮ ದೇಹಕ್ಕೆ ಅದೂ ಹೈಡ್ರೋಜನ್ನೇ! ಟ್ರಿಷಿಯಂ ಬೆರೆತ ನೀರು ಕುಡಿದರೆ ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಗೊತ್ತಾಗಲ್ಲ. ನೇರ ರಕ್ತಕ್ಕೆ ಸೇರುತ್ತೆ.

ಆ ನವೆಂಬರಿನಲ್ಲಿ ಆಗಿದ್ದೂ ಇದೇ. ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರ್ ಒಂದಕ್ಕೆ ಟ್ರಿಷಿಯಂ ಇದ್ದ ಭಾರಜಲ ಸೇರಿತ್ತು. ಯಾರೋ ಬೇಕಂತಲೇ ಬೆರೆಸಿದ್ದು ಅಂತ ಅಧಿಕಾರಿಗಳೇ ಹೇಳಿದರು. ಐವತ್ತಕ್ಕೂ ಹೆಚ್ಚು ನೌಕರರು ಕುಡಿದಿದ್ದರು. ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು.

ಟ್ರಿಷಿಯಂ ಒಡೆದಾಗ ಬೀಜಕೇಂದ್ರದಿಂದ ಒಂದು ಎಲೆಕ್ಟ್ರಾನ್ ಚಿಮ್ಮುತ್ತೆ. ಬಡಪಾಯಿ ಎಲೆಕ್ಟ್ರಾನ್, ಹೊರಗಿನಿಂದ ಬಂದರೆ ನಮ್ಮ ಚರ್ಮವನ್ನೂ ದಾಟಲಾರದು. ಒಳಗೇ ಇದ್ದರೆ ಮಾತ್ರ ಕಥೆ ಬೇರೆ. ದಾರಿಯಲ್ಲಿ ಸಿಕ್ಕ ನೂರಕ್ಕೂ ಹೆಚ್ಚು ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಅವನ್ನು ಅಯಾನು ಮಾಡಿಬಿಡುತ್ತೆ. ಹಾಗೆ ಅಯಾನಾದ ನೀರಿನ ಅಣು ಒಡೆದು, ಪಕ್ಕದಲ್ಲಿ ಸಿಕ್ಕಿದ್ದರ ಮೇಲೆ ಎರಗುತ್ತೆ. ಡಿಎನ್ಎ ಸಿಕ್ಕರೆ ಅದಕ್ಕೂ ಪೆಟ್ಟು. ಉಪ್ಪಿನ ಅಯಾನಿಗೂ ಇದಕ್ಕೂ ವ್ಯತ್ಯಾಸ ಇರೋದು ಇಲ್ಲೇ.

ಇದಕ್ಕೆ ಚಿಕಿತ್ಸೆ ಏನು ಗೊತ್ತಾ? ನೀರು! ಚೆನ್ನಾಗಿ ನೀರು ಕುಡಿಸಿ ಟ್ರಿಷಿಯಂ ಹೊರಗೆ ಹಾಕಿಸೋದು. ಅದು ಅರ್ಧ ಒಡೆದುಹೋಗೋಕೆ 12 ವರ್ಷದ ಮೇಲೆ ಬೇಕು. ದೇಹದಿಂದ ಅರ್ಧ ಹೊರಬೀಳೋಕೆ ಸುಮಾರು ಹತ್ತು ದಿನ ಸಾಕು.

2017ರಲ್ಲಿ ಕೇಂದ್ರ ಸಂಪುಟ ಕೈಗಾದ ಇನ್ನೆರಡು ಘಟಕಗಳಿಗೆ ಒಪ್ಪಿಗೆ ಕೊಟ್ಟಿತು, ತಲಾ 700 ಮೆಗಾವಾಟ್. ಅವಕ್ಕೂ ಭಾರಜಲವೇ ಬೇಕು.