ಗೀರು ಅಳಿಸಿಕೊಂಡ ರೈಫಲ್‌ಗಳು

ಇಂಗ್ಲೆಂಡಿನ ಹಳ್ಳಿಗಳಲ್ಲಿ ರೂಕ್ ಅಂತ ಒಂದು ಹಕ್ಕಿ ಇದೆ. ನಮ್ಮ ಕಾಗೆಯದೇ ಬಳಗ. ಮೈಯೆಲ್ಲ ಕಪ್ಪು, ಕೊಕ್ಕಿನ ಬುಡ ಮಾತ್ರ ಬೂದಿ ಬಳಿದ ಹಾಗೆ ಬೋಳು. ಎತ್ತರದ ಮರಗಳ ತುದಿಯಲ್ಲಿ ಗುಂಪಾಗಿ ಗೂಡು ಕಟ್ಟುತ್ತೆ, ಬಿತ್ತಿದ ಕಾಳು ಹೆಕ್ಕಿ ರೈತರ ಕೈಲಿ ಬೈಸಿಕೊಳ್ಳುತ್ತೆ. ಮೇ ತಿಂಗಳ ಎರಡನೇ ವಾರದ ಹೊತ್ತಿಗೆ ಅದರ ಮರಿಗಳು ಇನ್ನೂ ಸರಿಯಾಗಿ ಹಾರಲು ಬಾರದೆ ಗೂಡಿನಿಂದ ಕೊಂಬೆಗೆ ಬಂದು ಕೂರುತ್ತವೆ. ಆಗ ಜಮೀನ್ದಾರರ ಮನೆಗಳಲ್ಲಿ ನೆಂಟರಿಷ್ಟರನ್ನು ಕರೆದು ಆ ಮರಿಗಳನ್ನು ಹೊಡೆಯುವುದು, ಆಮೇಲೆ ಹಿಟ್ಟಿನ ಹೊದಿಕೆಯೊಳಗಿಟ್ಟು ಬೇಯಿಸಿ 'ಪೈ' ಮಾಡಿ ತಿನ್ನುವುದು ರೂಢಿಯಾಗಿತ್ತು. ಪಕ್ಷಮಾಸದಲ್ಲಿ ಎಡೆ ಇಟ್ಟು ಕಾಗೆ ಬರಲಿ ಅಂತ ಕಾಯುವ ನಮಗೆ ಇದು ಸ್ವಲ್ಪ ಕಷ್ಟವೇ. ಇರಲಿ.

ಈ ಕೆಲಸಕ್ಕೆ ಅವರಿಗೆ ವಿಶೇಷ ಕೋವಿಯೇ ಬೇಕಾಯಿತು. ಚರೆ ಹಾರಿಸುವ ಶಾಟ್‌ಗನ್ ಇದಕ್ಕೆ ಸಪ್ಪೆ ಅನ್ನಿಸಿತು. ದೊಡ್ಡ ರೈಫಲ್ ಬಳಸಿದರೆ ಗುರಿ ತಪ್ಪಿದ ಗುಂಡು ಮರ ದಾಟಿ ಪಕ್ಕದೂರಿಗೆ ಹೋಗುತ್ತೆ. ಹಾಗಾಗಿ 1870ರ ಸುಮಾರಿನಿಂದ 'ರೂಕ್ ರೈಫಲ್' ಅನ್ನುವ ಸಣ್ಣ ಜಾತಿ ಬೆಳೆಯಿತು. ಒಂದು ಸಲಕ್ಕೆ ಒಂದೇ ತೋಟಾ, ಹಗುರ ಮೈ, ಹೆಚ್ಚಿನವಕ್ಕೆ ಎಂಟು ಪಟ್ಟಿಯ ನಳಿಗೆ. ಹೆಸರುವಾಸಿಯಾದ .300 ಅಳತೆಯ ತೋಟಾದಲ್ಲಿ ಗುಂಡಿನ ತೂಕ 80 ಗ್ರೇನ್, ಅಂದರೆ ಐದು ಗ್ರಾಂ ಚಿಲ್ಲರೆ. ಅದನ್ನು ತಳ್ಳಲು ಹತ್ತು ಗ್ರೇನ್ ಕಪ್ಪು ಮದ್ದು ಸಾಕು. ಆನೆ, ಹುಲಿ ಹೊಡೆಯುವ ರೈಫಲ್ ಮಾಡುತ್ತಿದ್ದ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯೇ ಇದನ್ನೂ ಅಷ್ಟೇ ನಾಜೂಕಾಗಿ ಮಾಡುತ್ತಿತ್ತು. 1883ರಲ್ಲಿ 'ದಿ ಫೀಲ್ಡ್' ಪತ್ರಿಕೆ ನಡೆಸಿದ ರೈಫಲ್ ಪರೀಕ್ಷೆಯ ಎಲ್ಲ ವಿಭಾಗಗಳನ್ನೂ ಗೆದ್ದಿದ್ದನ್ನು ಆ ಕಂಪನಿ ನಳಿಗೆಗಳ ಮೇಲೇ ಕೆತ್ತಿಸಿಕೊಂಡಿತು. ಮರಿಕಾಗೆ ಹೊಡೆಯಲು ಇಷ್ಟು ಕುಸುರಿಯಾ ಅಂತ ನಗು ಬರಬಹುದು. ಕೈಗೆತ್ತಿಕೊಂಡು ನೋಡಿದರೆ ನಗು ನಿಂತುಹೋಗುತ್ತೆ.

ಇದರ ಕಾಲ ಬೇಗ ಮುಗಿಯಿತು. 1887ರಲ್ಲಿ ಅಮೆರಿಕದಿಂದ .22 ಲಾಂಗ್ ರೈಫಲ್ ಅನ್ನುವ ಅಗ್ಗದ ತೋಟಾ ಬಂತು. ಬೋರ್ ಯುದ್ಧದಲ್ಲಿ ಪೆಟ್ಟು ತಿಂದ ಬ್ರಿಟಿಷರಿಗೆ ತಮ್ಮ ಹುಡುಗರಿಗೆ ಗುರಿಯಿಡಲು ಬರಲ್ಲ ಅನ್ನುವ ಚಿಂತೆ ಹತ್ತಿ, ಊರೂರಿಗೆ ಸಣ್ಣ ರೈಫಲ್ ಕ್ಲಬ್ಬುಗಳು ಹುಟ್ಟಿದವು. ಷೆರ್ಲಾಕ್ ಹೋಮ್ಸ್‌ನ ಕರ್ತೃ ಕಾನನ್ ಡಾಯ್ಲ್ ಕೂಡ ತನ್ನೂರಲ್ಲಿ ಒಂದು ಕ್ಲಬ್ ಶುರುಮಾಡಿದ್ದ. ಅವರಿಗೆಲ್ಲ .22 ರೈಫಲ್ ಒದಗಿಸಿದವರಲ್ಲಿ ಮುಖ್ಯ ಕಂಪನಿ ಬಿಎಸ್‌ಎ. ಹೌದು, ನಮ್ಮೂರಿನ ಸೈಕಲ್ ಮೇಲಿದ್ದ ಅದೇ ಬಿಎಸ್‌ಎ. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಅದರ ಪೂರ್ತಿ ಹೆಸರು, ಒಂದಕ್ಕೊಂದು ಒರಗಿ ನಿಂತ ಮೂರು ಕೋವಿ ಅದರ ಗುರುತು.

ನನ್ನನ್ನು ಹಿಡಿದು ನಿಲ್ಲಿಸಿದ ಕತೆ ಶುರುವಾಗುವುದು ಇದಾದ ಮೇಲೆ, 1920ರಲ್ಲಿ. ಮಹಾಯುದ್ಧ ಮುಗಿದು ಲಕ್ಷಗಟ್ಟಲೆ ಸೈನಿಕರು ಮನೆಗೆ ಬಂದಿದ್ದರು, ರಷ್ಯಾದಲ್ಲಿ ಕ್ರಾಂತಿ ಆಗಿತ್ತು, ಸರ್ಕಾರಕ್ಕೆ ದಿಗಿಲು. ರೈಫಲ್, ಪಿಸ್ತೂಲು ಇಟ್ಟುಕೊಳ್ಳಬೇಕಾದರೆ ಪೊಲೀಸರಿಂದ ಸರ್ಟಿಫಿಕೇಟ್ ಬೇಕು, ಯಾಕೆ ಬೇಕು ಅನ್ನುವುದಕ್ಕೆ ಕಾರಣ ಕೊಡಬೇಕು ಅಂತ ಫೈರ್‌ಆರ್ಮ್ಸ್ ಆಕ್ಟ್ ಬಂತು. ಶಾಟ್‌ಗನ್‌ಗೆ ಮಾತ್ರ ಈ ಕಟ್ಟು ಇರಲಿಲ್ಲ. ಕಾನೂನು ನೋಡಿದ್ದು ನಳಿಗೆಯ ಒಳಮೈಯನ್ನು. ಗುಂಡನ್ನು ತಿರುಗಿಸುವ ಸುರುಳಿ ಗೀರು ಇದ್ದರೆ ರೈಫಲ್, ಒಳಗೆ ನುಣ್ಣಗಿದ್ದರೆ ಶಾಟ್‌ಗನ್.

ನಮ್ಮ ಐಟಿ ಮಂದಿ ಇಂಥದಕ್ಕೆ ಏನು ಮಾಡ್ತಾರೆ? ವರ್ಕ್‌ಅರೌಂಡ್ ಹುಡುಕ್ತಾರೆ. ಇಂಗ್ಲೆಂಡಿನ ಕೋವಿ ಕೆಲಸದವರೂ ಅದನ್ನೇ ಮಾಡಿದರು. ರೂಕ್ ರೈಫಲ್‌ನ ದಪ್ಪ ನಳಿಗೆಯನ್ನು ಒಳಗಿನಿಂದ ಕೊರೆದು, ಗೀರುಗಳನ್ನೆಲ್ಲ ತೆಗೆದು, .410 ಅಳತೆಯ ಪುಟ್ಟ ಶಾಟ್‌ಗನ್ ಮಾಡಿಬಿಟ್ಟರು. ಸರ್ಟಿಫಿಕೇಟಿನ ತಾಪತ್ರಯ ಇಲ್ಲ, ಇಲಿ ಹೊಡೆಯೋಕೆ ಆಯ್ತು, ತೋಟದ ಹಕ್ಕಿ ಓಡಿಸೋಕೂ ಆಯ್ತು. ಎಷ್ಟೋ ರೂಕ್ ರೈಫಲ್‌ಗಳು ಹೀಗೆ ಹೋದವು. ರೋಲ್‌ಬ್ಯಾಕ್ ಇಲ್ಲದ ಬದಲಾವಣೆ ಇದು. ಕೊರೆದ ಉಕ್ಕು ವಾಪಸ್ ಬರಲ್ಲ.

ಪ್ರಾಜೆಕ್ಟ್ ಮೇಲೆ ಇಂಗ್ಲೆಂಡಿನಲ್ಲಿದ್ದಾಗ ವಾರಾಂತ್ಯಗಳಲ್ಲಿ ಹಳೇ ಕೋವಿಗಳ ಸಂತೆಗೆ ಹೋಗುತ್ತಿದ್ದೆ. ಕಾಡುಹಂದಿ ಓಡಿಸಲು ಲೈಸೆನ್ಸ್ ಕೋವಿ ಇಟ್ಟುಕೊಂಡಿದ್ದ ಮಲೆನಾಡಿನ ಮನೆಯವನು ನಾನು, ಎಲೆಕ್ಷನ್ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ಬರುವುದನ್ನು ನೋಡಿ ಬೆಳೆದವನು. ಆಸೆ ಇತ್ತು. ಅಲ್ಲಿ ಸಂಗ್ರಹಕಾರರು ಕೋವಿ ಕೈಗೆ ಬಂದ ತಕ್ಷಣ ಮೊದಲು ನೋಡುವುದು ಹೆಸರನ್ನಲ್ಲ, ನಳಿಗೆಯ ಒಳಗನ್ನು. ಬೆಳಕಿಗೆ ಹಿಡಿದು ಗೀರು ಇದೆಯಾ ಅಂತ. ಆಮೇಲೆ ಪ್ರೂಫ್ ಹೌಸಿನ ಮುದ್ರೆಗಳು. ಕೊರೆದ ನಳಿಗೆಯನ್ನು ಮಾರಬೇಕಾದರೆ ಮತ್ತೆ ಪರೀಕ್ಷೆಗೆ ಕಳಿಸಬೇಕಿತ್ತು, ಹಾಗಾಗಿ ಎರಡು ಕಾಲದ ಮುದ್ರೆ ಅಕ್ಕಪಕ್ಕ ಇರುತ್ತವೆ. ಎಷ್ಟೋ ಕೋವಿಗಳಲ್ಲಿ ಗುರಿ ನೋಡುವ ಮಡಚುವ ಎಲೆಗಳು ಮಾತ್ರ ಹಾಗೇ ಉಳಿದಿವೆ. ನೂರು ಗಜಕ್ಕೊಂದು, ನೂರೈವತ್ತಕ್ಕೊಂದು. .410ರ ಚರೆ ಆ ದೂರಕ್ಕೆ ಹೋಗಿ ಮಾಡುವುದೇನೂ ಇಲ್ಲ.

ಇನ್ನೂ ಮಜಾ ಮುಂದಿದೆ. 1968ರಲ್ಲಿ ಶಾಟ್‌ಗನ್‌ಗೂ ಸರ್ಟಿಫಿಕೇಟ್ ಬಂತು. ಅದೇ ವರ್ಷದ ಕಾಯ್ದೆ, ಕುತೂಹಲಕ್ಕೋ ಅಲಂಕಾರಕ್ಕೋ ಇಟ್ಟುಕೊಂಡ ಪುರಾತನ ಕೋವಿಗೆ ವಿನಾಯಿತಿಯನ್ನೂ ಕೊಡುತ್ತೆ. ಬಳಕೆ ತಪ್ಪಿದ ತೋಟಾಗಳ ಸರ್ಕಾರಿ ಪಟ್ಟಿಯಲ್ಲಿ .300 ರೂಕ್ ಇದೆ. .410 ಇಲ್ಲ, ಯಾಕಂದರೆ ಆ ತೋಟಾ ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತೆ. ಅಂದರೆ, ಪೊಲೀಸರಿಗೆ ತಲೆಕೆಡಿಸಿಕೊಳ್ಳದೆ ಗೀರು ಉಳಿಸಿಕೊಂಡ ರೈಫಲ್ ಈಗ, ಹಾರಿಸದೆ ಇಟ್ಟುಕೊಂಡರೆ, ಸರ್ಟಿಫಿಕೇಟ್ ಇಲ್ಲದೆ ಗೋಡೆ ಮೇಲೆ ತೂಗುತ್ತೆ. ಸರ್ಟಿಫಿಕೇಟ್ ತಪ್ಪಿಸಿಕೊಳ್ಳಲಿ ಅಂತ ಕೊರೆಸಿಕೊಂಡಿದ್ದಕ್ಕೆ ಸರ್ಟಿಫಿಕೇಟ್ ಬೇಕು!

ಈ ಪಟ್ಟಿಯೂ ಶಿಲಾಶಾಸನವೇನಲ್ಲ. 2021ರಲ್ಲಿ ಏಳು ತೋಟಾಗಳನ್ನು, ಅಪರಾಧಗಳಲ್ಲಿ ಬಳಕೆಯಾಗುತ್ತಿವೆ ಅಂತ, ವಿನಾಯಿತಿಯಿಂದ ಹೊರಗಿಟ್ಟರು. ಹೆಚ್ಚಿನವು ರಿವಾಲ್ವರಿನವು. .300 ರೂಕ್ ಬಚಾವಾಯಿತು.

ನಮ್ಮ 1959ರ ಆರ್ಮ್ಸ್ ಆಕ್ಟ್ ಇನ್ನೊಂದು ದಾರಿ ಹಿಡಿದಿದೆ. ಪುರಾತನ ಕೋವಿಗೆ ಇಲ್ಲೂ ವಿನಾಯಿತಿ ಉಂಟು, ಆದರೆ ಅದು ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದಂತೆ ಇರಬೇಕು. ಗೀರು ಅಳಿಯದೆ ನೂರು ವರ್ಷ ದಾಟಿದ ರೂಕ್ ರೈಫಲ್ ಒಂದನ್ನು ಬೆಂಗಳೂರಿನ ಶೋಕೇಸಿನಲ್ಲಿ ಲೈಸೆನ್ಸ್ ಇಲ್ಲದೆ ಇಡಬೇಕಾದರೆ ಮೊದಲು ಅದನ್ನು ಕೆಡಿಸಬೇಕು. ನಾನು ಬರಿಗೈಲಿ ವಿಮಾನ ಹತ್ತಿದೆ.