ಆ ಪಾರ್ಟು ಎಲ್ಲಿ ಸಿಕ್ತು?

ಹಳೇ ಕಾರುಗಳ ರ್‍ಯಾಲಿ ನಡೆದಾಗೆಲ್ಲ ನಮ್ಮ ಚಾನೆಲ್‌ಗಳಲ್ಲಿ ಒಂದೇ ಥರದ ಸುದ್ದಿ ಬರುತ್ತೆ. ಹಸಿರು ಬಾವುಟ, ಅದನ್ನ ಬೀಸೋಕೆ ಒಬ್ಬ ಗಣ್ಯರು, ಪಳಪಳ ಹೊಳೆಯೋ ಬಾನೆಟ್ಟು, ಪೇಟ ಸುತ್ತಿದ ಮಾಲೀಕರು. ನಾನೂ ಎಷ್ಟೋ ಸಲ ಓದಿದ್ದೀನಿ. 'ಎಂಬತ್ತು ವರ್ಷದ ಕಾರು ಇವತ್ತಿಗೂ ಓಡ್ತಾ ಇದೆ ವೀಕ್ಷಕರೇ' ಅಂತ ದನಿ ಏರಿಸಿದ್ದೀನಿ. ಹೇಗೆ ಓಡ್ತಾ ಇದೆ ಅಂತ ಮಾತ್ರ ಒಂದು ಸಲವೂ ಕೇಳಿರಲಿಲ್ಲ.

ಕೇಳಿದ್ದು ತಿಕೋಟಾದಲ್ಲಿ. ದ್ರಾಕ್ಷಿ ಬೆಳೆಗಾರರ ಸಮಸ್ಯೆ ಕುರಿತು ಕಾರ್ಯಕ್ರಮ ಮಾಡೋಕೆ ಹೋಗಿದ್ವಿ. ಒಬ್ಬ ರೈತರ ಶೆಡ್ಡಿನಲ್ಲಿ, ಔಷಧಿ ಹೊಡೆಯೋ ಯಂತ್ರದ ಪಕ್ಕ, ತಾಡಪತ್ರಿ ಹೊದ್ದು ಒಂದು ಜೀಪು ನಿಂತಿತ್ತು. ಯುದ್ಧಕಾಲದ ಪೆಟ್ರೋಲ್ ಜೀಪು. ಅವರ ಅಜ್ಜ ಮುಂಬೈ ಕಡೆಯಿಂದ ತಂದದ್ದಂತೆ. ಕೀಲಿ ತಿರುವಿದರು, ಎರಡು ಸಲ ಕೆಮ್ಮಿತು, ಮೂರನೇ ಸಲಕ್ಕೆ ಶುರುವಾಯ್ತು. ನಾನು ಹೊಗಳಿದೆ. ಅವರು ಹೊಗಳಿಕೆ ತಗೊಳ್ಳಲೇ ಇಲ್ಲ. 'ನಾ ಓಡಸಾಂವ ಅಷ್ಟರೀ. ಉಳಿಸಿದಾಂವ ಬ್ಯಾರೇನ ಅದಾನ. ಬಿಜಾಪುರದಾಗ ಒಬ್ಬ ಕಾಕಾ ಅದಾರ, ಅವರ ಅಂಗಡಿ ಬಂದ್ ಆದ ದಿನ ಈ ಗಾಡೀನೂ ಬಂದ್' ಅಂದರು.

ಈ ಮಾತು ಅರ್ಥ ಆಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1956ರವರೆಗೆ ಬಿಜಾಪುರ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು. ಮೋಟಾರು ಅಂದರೆ ಮುಂಬೈ, ಸಾಮಾನು ಅಂದರೆ ಸೊಲ್ಲಾಪುರ ದಾರಿ. ಬೆಂಗಳೂರು ಬಹಳ ದೂರ. ಆಗ ಈ ದೇಶದಲ್ಲಿ ಕಾರು 'ತಯಾರಾಗ್ತಾ' ಇರಲಿಲ್ಲ, ಜೋಡಣೆ ಆಗ್ತಿತ್ತು. ಫೋರ್ಡ್ ಕಂಪನಿ 1926ರಲ್ಲಿ, ಜನರಲ್ ಮೋಟಾರ್ಸ್ 1928ರಲ್ಲಿ ಇಲ್ಲಿ ಕೆಲಸ ಶುರು ಮಾಡಿದವು. ಪೆಟ್ಟಿಗೆಯಲ್ಲಿ ಬಿಡಿಭಾಗ ಬರೋದು, ಇಲ್ಲಿ ಕೂಡಿಸೋದು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಕೇಳಿತು: ಇಲ್ಲೇ ತಯಾರಿಸ್ತೀರಾ, ಬರೀ ಕೂಡಿಸ್ತೀರಾ? ಬರೀ ಕೂಡಿಸೋರು ಜಾಗ ಖಾಲಿ ಮಾಡಿ ಅನ್ನೋದು 1953ರ ಸುಂಕ ಆಯೋಗದ ವರದಿಯ ಸಾರಾಂಶ. 1954ರ ಹೊತ್ತಿಗೆ ಎರಡೂ ಕಂಪನಿ ಗಂಟುಮೂಟೆ ಕಟ್ಟಿದವು.

ಆ ನೀತಿ ತಪ್ಪು ಅಂತ ನಾನು ಹೇಳಲ್ಲ. ನಮ್ಮದೇ ಕಾರ್ಖಾನೆಗಳು ಬೆಳೆದದ್ದು ಅದರಿಂದಲೇ. ಸೊಲ್ಲಾಪುರದಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಕಂಪನಿಯಿಂದ ಫಿಯೆಟ್ ಬಂತು, ಬಿರ್ಲಾ ಅವರ ಹಿಂದುಸ್ತಾನ್ ಮೋಟಾರ್ಸ್‌ನಿಂದ ಅಂಬಾಸಿಡರ್ ಬಂತು, 1951ರಲ್ಲಿ ನಮ್ಮ ಬೆಂಗಳೂರಿನಲ್ಲೇ ಮೈಕೋ ಬಂತು. ಆದರೆ ಇತಿಹಾಸದ ಪುಸ್ತಕ ಹೊಸ ಕಾರ್ಖಾನೆ ಕಡೆ ನೋಡಿ ಮುಂದಕ್ಕೆ ಹೋಗಿಬಿಡುತ್ತೆ. ಕಂಪನಿ ಹಡಗು ಹತ್ತಿತು, ಸರಿ. ಅವರು ಮಾರಿದ್ದ ಫೋರ್ಡು, ಷೆವರ್ಲೆಗಳು ಎಲ್ಲಿ ಹೋಗಬೇಕು? ಅವು ಇಲ್ಲೇ ಉಳಿದವು. ತಾಯಿ ಇಲ್ಲದ ಮಕ್ಕಳ ಹಾಗೆ. ಅವನ್ನ ಸಾಕಿದ್ದು ಬಿಡಿಭಾಗದ ಸಣ್ಣ ಅಂಗಡಿ, ಒಂದು ಲೇತ್ ಇಟ್ಟ ಮೇಸ್ತ್ರಿ, ಗುಜರಿ ರಾಶಿಯಲ್ಲಿ ಕೈ ಹಾಕಿ ಗೇರು ಹೆಕ್ಕಿ ತೆಗೆಯೋ ಮನುಷ್ಯ.

ಜೀಪಿನ ಕಥೆಗೆ ಒಂದು ಅದೃಷ್ಟ ಇತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿತು. ಸುಮಾರು 3.6 ಲಕ್ಷ ವಿಲ್ಲೀಸ್ ಕಂಪನಿ, ಸುಮಾರು 2.8 ಲಕ್ಷ ಫೋರ್ಡ್. ವಿನ್ಯಾಸ ಒಂದೇ, ಒಂದರ ಪಾರ್ಟು ಇನ್ನೊಂದಕ್ಕೆ ಕೂರುತ್ತೆ. ಫೋರ್ಡ್‌ನವರು ಮಾತ್ರ ತಮ್ಮ ಪಾರ್ಟಿನ ಮೇಲೆ, ಬೋಲ್ಟಿನ ತಲೆಯ ಮೇಲೂ ಬಿಡದೆ, ಇಂಗ್ಲಿಷಿನ 'ಎಫ್' ಅಕ್ಷರ ಒತ್ತಿದರು. ಯುದ್ಧ ಮುಗಿದ ಮೇಲೆ ಮಿಗತೆ ಜೀಪುಗಳು ಹರಾಜಾದವು. ಅದೇ ದಶಕದ ಕೊನೆಗೆ ಮಹೀಂದ್ರದವರು ಮುಂಬೈನಲ್ಲಿ ವಿಲ್ಲೀಸ್ ಜೀಪು ಕೂಡಿಸೋಕೆ ಶುರು ಮಾಡಿದರು, ಮುಂದೆ ದಶಕಗಟ್ಟಲೆ ಅದೇ ವಂಶದ ಗಾಡಿ ಮಾಡಿದರು. ಹಾಗಾಗಿ ಹೊಸ ಜೀಪಿಗೆ ಬಂದ ಎಷ್ಟೋ ಪಾರ್ಟು ಹಳೇ ಜೀಪಿಗೂ ಆಯ್ತು. ನಮ್ಮ ಕಡೆ ಜೀಪು ಬಾಳಿತು, ಫೋರ್ಡ್ ಕಾರು ಬಾಳಲಿಲ್ಲ ಅನ್ನೋದಕ್ಕೆ ಇಷ್ಟೇ ಕಾರಣ.

ಕಾಕಾ ಅಂಗಡಿಗೆ ಹೋದೆ. ವಿಜಯಪುರ ಊರೊಳಗೆ, ಹತ್ತಡಿ ಅಗಲದ ಅಂಗಡಿ. ಬೋರ್ಡಿನಲ್ಲಿ ಅಕ್ಷರ ಅಳಿಸಿಹೋಗಿದೆ. ಒಳಗೆ ಮಾಡಿನವರೆಗೂ ಡಬ್ಬಿಗಳು, ಅವುಗಳ ಮೇಲೆ ಚೀಟಿ ಇಲ್ಲ. ಚೀಟಿ ಅವರ ತಲೆಯಲ್ಲಿದೆ.

ನೀವು ಅಂದುಕೊಂಡಿರಬಹುದು, ಇವರು ಹಳೇ ಸ್ಟಾಕು ಇಟ್ಟುಕೊಂಡು ಮಾರ್ತಾರೆ ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ಅರ್ಧ ಸತ್ಯ. ಡೀಲರು ಬಾಗಿಲು ಹಾಕಿದಾಗ ಅವರ ಉಳಿಕೆ ಮಾಲು ತೂಕದ ಲೆಕ್ಕದಲ್ಲಿ ಕೊಂಡಿದ್ದಾರೆ, ನಿಜ. ಕಬ್ಬಿಣದ ಸಾಮಾನಾದರೆ ಎಣ್ಣೆ ಹಚ್ಚಿಟ್ಟರೆ ನಲವತ್ತು ವರ್ಷ ಇರುತ್ತೆ. ರಬ್ಬರು ಇರಲ್ಲ. ಪ್ಯಾಕೆಟ್ ಒಡೆಯದೆ ಇದ್ದರೂ ಒಳಗೇ ಮುದಿಯಾಗುತ್ತೆ. ಬ್ರೇಕಿನ ರಬ್ಬರ್ ಕಪ್ಪು, ಪೆಟ್ರೋಲ್ ಪಂಪಿನ ಡಯಾಫ್ರಾಂ ಇವೆಲ್ಲ ಹೊಸದಾಗೇ ಬೇಕು. ಈಗಂತೂ ಎಥನಾಲ್ ಬೆರೆತ ಪೆಟ್ರೋಲು. ಅದು ಹಳೇ ನಮೂನೆ ರಬ್ಬರಿಗೆ ಆಗಿಬರಲ್ಲ. ನಮ್ಮ ಭಾಗದ ಕಬ್ಬಿನಿಂದ ಬಂದ ಎಥನಾಲು ನಮ್ಮ ಭಾಗದ ಜೀಪಿನ ಹೊಟ್ಟೆ ಕೆಡಿಸ್ತಿದೆ, ನೋಡಿ! ಹಾಗಾಗಿ ಕಾಕಾ ಹಳೇ ಡಯಾಫ್ರಾಮಿನ ಅಳತೆ ಕೊಟ್ಟು, ತಡೆಯೋ ರಬ್ಬರಿನಲ್ಲಿ ಕತ್ತರಿಸಿ ತರಿಸ್ತಾರೆ. ಒಂದು ಸಲಕ್ಕೆ ಐದಾರು. ಐದಾರು ಡಯಾಫ್ರಾಂಗೆ ಯಾವ ದೊಡ್ಡ ಕಂಪನಿ ಅಚ್ಚು ತೆಗೆಯುತ್ತೆ ಹೇಳಿ?

ಇನ್ನೊಂದು ವಿದ್ಯೆ ಇದೆ. ಯಾವುದರದು ಯಾವುದಕ್ಕೆ ಕೂರುತ್ತೆ ಅನ್ನೋ ವಿದ್ಯೆ. ಬೇರಿಂಗ್ ತಗೊಳ್ಳಿ. 6204 ಅಂತ ನಂಬರ್ ಇದ್ದರೆ ಜಗತ್ತಿನಲ್ಲಿ ಎಲ್ಲೇ ಮಾಡಲಿ ಒಳಗಿನ ವ್ಯಾಸ 20 ಮಿಲಿಮೀಟರ್, ಹೊರಗೆ 47, ದಪ್ಪ 14. ಅಳತೆ ಒಪ್ಪಿದರೆ ಬಾವಿ ಮೋಟಾರಿನ ಬೇರಿಂಗು ಕಾರಿಗೂ ಆಯ್ತು. ಆದರೆ ಅಮೆರಿಕದ ಜೀಪು ಇಂಚಿನ ಲೆಕ್ಕ, ಇಟಲಿ ಮೂಲದ ಫಿಯೆಟ್ಟು ಮಿಲಿಮೀಟರ್ ಲೆಕ್ಕ. ಒಂದರ ಪಾನಾ ಇನ್ನೊಂದಕ್ಕೆ ಹಾಕಿ ನಟ್ಟಿನ ಮೂಲೆ ಸವೆಸಿದವರು ನಮ್ಮಲ್ಲಿ ಕಡಿಮೆ ಇಲ್ಲ. ಈ ಗುಣಾಕಾರ ಭಾಗಾಕಾರ ಕಾಕಾ ಕಣ್ಣಳತೆಯಲ್ಲೇ ಮಾಡ್ತಾರೆ. ಎಲ್ಲೂ ಸಿಗದಿದ್ದರೆ ಬಬಲೇಶ್ವರದ ಒಬ್ಬ ಲೇತ್ ಮೇಸ್ತ್ರಿಗೆ ಕಳಿಸ್ತಾರೆ. ಆತನ ದಿನದ ಅನ್ನ ಟ್ರ್ಯಾಕ್ಟರಿನದು. ಹಳೇ ಗಾಡಿ ಕೆಲಸ ರಾತ್ರಿ ಹೊತ್ತು, ಹಟಕ್ಕೆ ಬಿದ್ದು ಮಾಡೋದು.

ಹಳೇ ಎಂಜಿನ್ನುಗಳಲ್ಲಿ ಬಿಳಿ ಲೋಹ ಕರಗಿಸಿ ಬೇರಿಂಗ್ ಹೊಯ್ಯೋ ಪದ್ಧತಿ ಇತ್ತು. ತವರ ಹೆಚ್ಚು, ಜೊತೆಗೆ ತಾಮ್ರ, ಆಂಟಿಮನಿ. ಕಾಕಾ ಅದನ್ನ ವಿವರಿಸುವಾಗ ನನಗೆ ನೆನಪಾದದ್ದು ಮಲಿಕ್-ಎ-ಮೈದಾನ್ ತೋಪು. ಅದೂ ತಾಮ್ರ, ತವರದ ಎರಕ. 1549ರಲ್ಲಿ ಅಹ್ಮದ್‌ನಗರದಲ್ಲಿ ಮಹಮ್ಮದ್ ಬಿನ್ ಹಸನ್ ರೂಮಿ ಎರಕ ಹೊಯ್ದದ್ದು. ಆ 55 ಟನ್ ತೋಪನ್ನ 1854ರಲ್ಲಿ ಹರಾಜು ಹಾಕಿದಾಗ 150 ರೂಪಾಯಿಗೆ ಹೋಗಿತ್ತು. ಅಧಿಕಾರಿಯೊಬ್ಬರು ಹರಾಜು ರದ್ದು ಮಾಡಿದ್ದರಿಂದ ಉಳಿಯಿತು. ಇವತ್ತು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ತೀವಿ. ನಮ್ಮೂರಿನಲ್ಲಿ ಗುಜರಿಗೂ ಪರಂಪರೆಗೂ ಅಂತರ ಎಷ್ಟು ಅಂದರೆ, ಯಾರೋ ಒಬ್ಬರು 'ತಡೀರಿ' ಅನ್ನುವಷ್ಟು.

ಸರ್ಕಾರ 2021ರಲ್ಲಿ ವಿಂಟೇಜ್ ಗಾಡಿಗಳಿಗೆ ನಿಯಮ ತಂದಿತು. 50 ವರ್ಷ ದಾಟಿರಬೇಕು, ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000, ನಂಬರಿನಲ್ಲಿ 'ವಿಎ' ಅಕ್ಷರ. ಮಾಮೂಲಿ ಓಡಾಟಕ್ಕೆ ಬಳಸುವಂತಿಲ್ಲ. ಒಳ್ಳೇದು, ಇಷ್ಟಾದರೂ ಬಂತು. ಆದರೆ ಅದರಲ್ಲೇ ಇನ್ನೊಂದು ಮಾತಿದೆ: ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನು ದೊಡ್ಡದಾಗಿ ಬದಲಾಗಿರಬಾರದು. ನಮ್ಮ ಕಡೆ ಪೆಟ್ರೋಲ್ ಬೆಲೆ ತಾಳಲಾರದೆ ಎಷ್ಟು ಜೀಪಿಗೆ ಡೀಸೆಲ್ ಎಂಜಿನ್ನು ಕೂರಿಸಿದ್ದಾರೆ, ನಿಮಗೇ ಗೊತ್ತು. ಮದುವೆ ದಿಬ್ಬಣ, ಚುನಾವಣೆ ಪ್ರಚಾರ, ಸಂತೆಗೆ ಜನ, ಎಲ್ಲ ಹೊತ್ತದ್ದು ಆ ಬದಲಾದ ಜೀಪುಗಳೇ. ನನ್ನ ಕೇಳಿದರೆ ಬರಗಾಲದ ಜಿಲ್ಲೆಯ ನಿಜವಾದ ಇತಿಹಾಸ ಆ ಡೀಸೆಲ್ ಎಂಜಿನ್ನಿನಲ್ಲೇ ಇದೆ. ಕಾಗದದ ಪ್ರಕಾರ ಅದು ಕಲಬೆರಕೆ.

ಮೂಲ ರೂಪ ಬೇಕು ಅನ್ನೋರು ಮೂಲ ಪಾರ್ಟು ಇಟ್ಟವನ ಬಗ್ಗೆ ಒಂದು ಮಾತೂ ಆಡಿಲ್ಲ. ಕಾಕಾಗೆ ಎಪ್ಪತ್ತು ದಾಟಿದೆ. ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ತಪ್ಪೇನಿಲ್ಲ, ಅವನೂ ಬದುಕಬೇಕು. 'ನಿಮಗೆ ಗೊತ್ತಿರೋದನ್ನ ಒಂದು ವಹಿಯಲ್ಲಿ ಬರೀಬಹುದಲ್ಲ ಕಾಕಾ' ಅಂದೆ. 'ಬರೀಬಹುದ್ರಿ. ಓದಾಂವ ಗಿರಾಕಿ ಬರಬೇಕಲ್ಲ' ಅಂದರು. ನಮ್ಮ ಕ್ಯಾಮೆರಾ ಇಟ್ಟು ಎರಡು ತಾಸು ಮಾತಾಡಿಸಿದ್ವಿ. ಪ್ರಸಾರ ಆದದ್ದು ನಾಲ್ಕು ನಿಮಿಷ. ಅವತ್ತು ಯಾವುದೋ ರೆಸಾರ್ಟ್ ರಾಜಕೀಯ ಇತ್ತು.

ಹೊರಡೋ ಹೊತ್ತಿಗೆ ತಿಕೋಟಾದ ರೈತರಿಂದಲೇ ಫೋನ್ ಬಂತು. ಡಯಾಫ್ರಾಂ ಬೇಕು ಅಂತ. ಕಾಕಾ ಸ್ಪೀಕರ್ ಹಾಕಿ, ನನಗೆ ತೋರಿಸೋಕೋ ಏನೋ, ಕೇಳಿದರು: 'ನಿಮ್ಮ ಗಾಡಿ ಫೋರ್ಡೋ, ವಿಲ್ಲೀಸೋ, ಗೊತ್ತೈತೇನು?'

'ಫೋರ್ಡ್ ರೀ ಕಾಕಾ. ಬೋಲ್ಟಿನ ತಲಿ ಮ್ಯಾಲೆ ಎಫ್ ಐತಲ್ಲ.'

'ಬೋಲ್ಟ್ ನಂಬಬ್ಯಾಡ. ಮುಂದಿನ ಬಂಪರ್ ಹಿಂದ ಅಡ್ಡಪಟ್ಟಿ ನೋಡು. ಪೈಪಿನಂಗ ದುಂಡಗ ಐತೋ, ಚೌಕ ಐತೋ?'

ಫೋನಿನಲ್ಲಿ ತಾಡಪತ್ರಿ ಎಳೆದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಗಾಡಿ ಕೆಳಗಿನಿಂದ ದನಿ ಬಂತು. 'ದುಂಡಗ ಐತ್ರಿ.'

'ಹಂಗಾರ ವಿಲ್ಲೀಸ್' ಅಂದರು ಕಾಕಾ. 'ಬೋಲ್ಟ್ ಯಾರೋ ಫೋರ್ಡಿಂದು ತಂದು ಹಾಕ್ಯಾರ. ಹಾಕಿದಾಂವ ನಾನ ಇರಬೇಕು.'