ಖರ್ಜೂರದ ಮರದಡಿಯ ಪಾಠ: ಹೆರಿಗೆ ಮತ್ತು ತವಕ್ಕುಲ್

ಹೆರಿಗೆಯ ದಿನ ಸಮೀಪಿಸಿದಂತೆ ಮನೆಯೊಳಗೆ ಸಂತೋಷದ ಜೊತೆಗೆ ಭಯವೂ ಕಾಲಿಡುತ್ತದೆ. 'ನನ್ನಿಂದ ಇದು ಆದೀತೇ?' ಎಂಬ ಪ್ರಶ್ನೆ ಗರ್ಭಿಣಿಯನ್ನು ಕಾಡುತ್ತದೆ. ನಮ್ಮ ಇತಿಹಾಸದ ಮೂರು ಹೆರಿಗೆಗಳಲ್ಲಿ ಈ ಪ್ರಶ್ನೆಗೆ ಉತ್ತರವಿದೆ.

ಮೊದಲನೆಯದು ಮರ್ಯಮ್(ಅ) ಅವರದು. ಪವಿತ್ರ ಕುರ್‌ಆನಿನ ಸೂರಃ ಮರ್ಯಮ್ ಆ ಘಳಿಗೆಯನ್ನು ಮರೆಮಾಚದೆ ಚಿತ್ರಿಸುತ್ತದೆ. ಪ್ರಸವ ವೇದನೆಯು ಒಂಟಿಯಾಗಿದ್ದ ಅವರನ್ನು ಖರ್ಜೂರದ ಮರದ ಬುಡಕ್ಕೆ ತಂದಿತು. ಇದಕ್ಕೆ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತು ಎಂದು ಅವರು ಹಂಬಲಿಸಿದರು. ಅಲ್ಲಾಹನು ಆ ನೋವಿನ ಮಾತನ್ನು ಆಕ್ಷೇಪಿಸಲಿಲ್ಲ. ದುಃಖಿಸಬೇಡ ಎಂಬ ಸಾಂತ್ವನ, ಕೆಳಗೆ ಹರಿಯುವ ನೀರು, ತಾಜಾ ಖರ್ಜೂರ ಅವರಿಗೆ ಲಭಿಸಿದವು. ಆದರೆ ಮರವನ್ನು ಅಲುಗಾಡಿಸುವ ಕೆಲಸವನ್ನು ಅವರಿಗೇ ವಹಿಸಲಾಯಿತು. ಪವಾಡದ ನಡುವೆಯೂ ಆ ತಾಯಿಯ ಕೈಗಳ ಬಲಕ್ಕೆ ಸ್ಥಾನವಿತ್ತು.

ಎರಡನೆಯದು ಹಿಜ್ರಾದ ಕಾಲದ್ದು. ಹಝ್ರತ್ ಅಬೂಬಕರ್(ರ) ಅವರ ಪುತ್ರಿ ಅಸ್ಮಾ(ರ) ತುಂಬು ಗರ್ಭಿಣಿಯಾಗಿ ಮಕ್ಕಾದಿಂದ ಹೊರಟು, ಮರುಭೂಮಿಯ ದೀರ್ಘ ಪಯಣದ ಬಳಿಕ ಕುಬಾದಲ್ಲಿ ಅಬ್ದುಲ್ಲಾಹ್ ಬಿನ್ ಝುಬೈರ್(ರ) ಅವರಿಗೆ ಜನ್ಮ ನೀಡಿದರು. ಪ್ರವಾದಿ(ಸ)ರವರು ಖರ್ಜೂರವನ್ನು ಅಗಿದು ಶಿಶುವಿನ ಬಾಯಿಗಿಟ್ಟು, ಅದಕ್ಕಾಗಿ ಪ್ರಾರ್ಥಿಸಿದರು. ಹಿಜ್ರಾದ ನಂತರ ಮುಹಾಜಿರರಿಗೆ ಮದೀನಾದಲ್ಲಿ ಜನಿಸಿದ ಮೊದಲ ಮಗು ಅದು.

ಮೂರನೆಯದು ಹಿಜ್ರಿ 10ರಲ್ಲಿ, ವಿದಾಯದ ಹಜ್ಜ್ ಯಾತ್ರೆಯಲ್ಲಿ ನಡೆಯಿತು. ಅಬೂಬಕರ್(ರ) ಅವರ ಪತ್ನಿ ಅಸ್ಮಾ ಬಿಂತ್ ಉಮೈಸ್(ರ) ಮದೀನಾದ ಸಮೀಪದ ಝುಲ್‌ಹುಲೈಫಾದಲ್ಲಿ ಗಂಡು ಮಗುವನ್ನು ಹೆತ್ತರು. ಮುಂದೇನು ಮಾಡಲೆಂದು ಪ್ರವಾದಿ(ಸ)ರವರ ಬಳಿ ಹೇಳಿಕಳುಹಿಸಿದರು. ಸ್ನಾನ ಮಾಡಿ, ಬಟ್ಟೆ ಕಟ್ಟಿಕೊಂಡು ಇಹ್ರಾಮ್ ಧರಿಸುವಂತೆ ಉತ್ತರ ಬಂತು. ಹೆರಿಗೆಯು ಆಕೆಯನ್ನು ಹಜ್ಜ್‌ನಿಂದ ಹೊರಗಿಡಲಿಲ್ಲ.

ಈ ಘಟನೆಗಳಿಂದ 'ವೈದ್ಯರೇ ಬೇಡ' ಎಂಬ ತೀರ್ಮಾನಕ್ಕೆ ಬರುವುದು ತಪ್ಪು. ತಾಯಿಯು ಮಗುವನ್ನು ಬಳಲಿಕೆಯ ಮೇಲೆ ಬಳಲಿಕೆ ಸಹಿಸಿ ಹೊತ್ತಳೆಂದು ಕುರ್‌ಆನ್ ಸ್ಮರಿಸುತ್ತದೆ. ಹೆರಿಗೆಯಲ್ಲಿ ಮೃತಳಾದವಳಿಗೆ ಹುತಾತ್ಮರ ಸ್ಥಾನವಿದೆಯೆಂದು ಹದೀಸ್ ತಿಳಿಸುತ್ತದೆ. ಅಪಾಯವು ನಿಜವಾದುದರಿಂದಲೇ ಈ ಗೌರವ. ಚಿಕಿತ್ಸೆ ಪಡೆಯಿರೆಂದು ಆದೇಶಿಸಿದವರೂ ಪ್ರವಾದಿ(ಸ)ರವರೇ.

ನಮ್ಮ ವಿದ್ವಾಂಸರು ಇದನ್ನು ಅರಿತಿದ್ದರು. ಕ್ರಿ.ಶ. 1000ದ ಸುಮಾರಿಗೆ ಸ್ಪೇನಿನ ಕುರ್ತುಬಾದ ಶಸ್ತ್ರವೈದ್ಯ ಅಝ್ಝಹ್ರಾವಿ ತಮ್ಮ 'ಅತ್ತಸ್ರೀಫ್' ಗ್ರಂಥದಲ್ಲಿ ಸಹಜ ಹೆರಿಗೆಯ ಲಕ್ಷಣಗಳನ್ನು ವಿವರಿಸಿದರು. ಜೊತೆಗೆ ಮಗು ಅಡ್ಡವಾಗಿದ್ದರೆ, ಕೈ ಅಥವಾ ಕಾಲು ಮೊದಲು ಬಂದರೆ ಸೂಲಗಿತ್ತಿ ಏನು ಮಾಡಬೇಕೆಂದು ಕಲಿಸಿ, ಉಪಕರಣಗಳ ಚಿತ್ರಗಳನ್ನೂ ಬರೆದಿಟ್ಟರು. ಸೃಷ್ಟಿಯ ಸಹಜ ಕ್ರಮದ ಮೇಲಿನ ಭರವಸೆ ಮತ್ತು ಸಂಕಟದಲ್ಲಿ ನೆರವಾಗುವ ಸಿದ್ಧತೆ ಅವರಲ್ಲಿ ಜೊತೆಯಾಗಿದ್ದವು.

ಸೂರಃ ಅಬಸದಲ್ಲಿ ಅಲ್ಲಾಹನು ಮಾನವನ ಹಾದಿಯನ್ನು ಸುಗಮಗೊಳಿಸಿದನೆಂಬ ಮಾತಿದೆ. ಅನೇಕ ವ್ಯಾಖ್ಯಾನಕಾರರು ಇದನ್ನು ಗರ್ಭದಿಂದ ಹೊರಬರುವ ಹಾದಿಯೆಂದೇ ಅರ್ಥೈಸಿದ್ದಾರೆ. ಹೆಣ್ಣಿನ ದೇಹಕ್ಕೆ ಈ ಸಾಮರ್ಥ್ಯವನ್ನು ಕರುಣಿಸಿದವನು ಅವನೇ. ಆದುದರಿಂದ ಸಹೋದರಿಯರೇ, ನಿಮ್ಮ ದೇಹವನ್ನು ಶತ್ರುವೆಂದು ಭಾವಿಸದಿರಿ. ಪತಿಯಂದಿರೇ, ಅತ್ತೆಯಂದಿರೇ, ಭಯ ಹುಟ್ಟಿಸುವ ಕಥೆಗಳನ್ನು ಬದಿಗಿಟ್ಟು ಆಕೆಗೆ ನೀರು, ಆಹಾರ, ಸಾಂತ್ವನ ನೀಡಿರಿ. ವೈದ್ಯರು ಶಸ್ತ್ರಚಿಕಿತ್ಸೆ ಅಗತ್ಯವೆಂದರೆ ಅದನ್ನು ಆಕೆಯ ಸೋಲೆಂದು ಜರೆಯದಿರಿ. ಮರ ಅಲುಗಾಡಿಸುವುದು ನಮ್ಮ ಕೆಲಸ, ಹಣ್ಣು ಉದುರಿಸುವವನು ಅಲ್ಲಾಹನು.

ಅವನು ನಮ್ಮ ತಾಯಂದಿರ ಹಾದಿಯನ್ನು ಸುಗಮಗೊಳಿಸಲಿ, ಆಮೀನ್.